ಕಡಿಮೆ ಬೆಲೆಯ ಆನ್‌ಲೈನ್ ಶಾಪಿಂಗ್ ಆ್ಯಪ್‌ಗಳು: ಗ್ರಾಹಕರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ಬಟ್ಟೆ, ಪಾದರಕ್ಷೆ, ಅಡುಗೆಮನೆಯ ಸಾಮಾನು, ಆಟಿಕೆ ಮೊದಲಾದ ದಿನಬಳಕೆಯ ವಸ್ತುಗಳನ್ನು ಮೊಬೈಲ್ ಆ್ಯಪ್‌ಗಳ ಮೂಲಕ ಕೊಳ್ಳುವ ರೂಢಿಯು ಇಂದು ನಗರಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ತಾಲ್ಲೂಕು ಕೇಂದ್ರಗಳಿಗೂ ಗ್ರಾಮಗಳಿಗೂ ಪಾರ್ಸೆಲ್‌ಗಳು ಪ್ರತಿದಿನ ತಲುಪುತ್ತಿವೆ. ಇವುಗಳಲ್ಲಿ ಅತ್ಯಂತ ಕಡಿಮೆ ಬೆಲೆಯನ್ನೇ ಮುಖ್ಯ ಆಕರ್ಷಣೆಯಾಗಿ ಮುಂದಿಡುವ ಆ್ಯಪ್‌ಗಳು ವಿಶೇಷವಾಗಿ ಜನಪ್ರಿಯವಾಗಿವೆ.

ಕಡಿಮೆ ಬೆಲೆಯು ತಾನಾಗಿಯೇ ದೋಷವಲ್ಲ. ಉತ್ಪಾದಕರಿಂದ ನೇರವಾಗಿ, ಮಧ್ಯವರ್ತಿಗಳಿಲ್ಲದೆ ಮಾರಾಟವಾಗುವ ವಸ್ತು ಅಗ್ಗವಾಗಿ ದೊರೆಯುವುದು ಸಹಜ. ಆದರೆ ಪರದೆಯ ಮೇಲೆ ಕಾಣುವ ಬೆಲೆಯೇ ಗ್ರಾಹಕರು ತೆರುವ ಸಂಪೂರ್ಣ ಬೆಲೆಯೆಂದು ಭಾವಿಸಲಾಗದು. ಉಳಿದ ಭಾಗವನ್ನು ಕೆಲವು ಆ್ಯಪ್‌ಗಳು ಎರಡು ರೀತಿಯಲ್ಲಿ ವಸೂಲು ಮಾಡುತ್ತವೆ. ಮೊದಲನೆಯದು, ಆತುರ ಹುಟ್ಟಿಸಿ ಅನಗತ್ಯ ಖರೀದಿ ಮತ್ತು ಶುಲ್ಕಗಳಿಗೆ ಒಪ್ಪಿಸುವುದು. ಎರಡನೆಯದು, ಗ್ರಾಹಕರ ವೈಯಕ್ತಿಕ ಮಾಹಿತಿಯನ್ನು ಅಗತ್ಯಕ್ಕಿಂತ ಹೆಚ್ಚಾಗಿ ಪಡೆಯುವುದು.

ಇಂತಹ ಪ್ರಕರಣಗಳಲ್ಲಿ ನಷ್ಟದ ಮೊತ್ತ ಬಹುತೇಕ ನೂರು ಇನ್ನೂರು ರೂಪಾಯಿಗಳಷ್ಟೇ ಇರುವುದರಿಂದ, "ಇಷ್ಟಕ್ಕೆ ಯಾರು ದೂರು ಕೊಡುತ್ತಾರೆ" ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಒಬ್ಬರಿಗೆ ಸಣ್ಣದಾದ ಮೊತ್ತವು ಲಕ್ಷಾಂತರ ಗ್ರಾಹಕರಿಂದ ಸಂಗ್ರಹವಾದಾಗ ದೊಡ್ಡದಾಗುತ್ತದೆ. ಸಣ್ಣ ಮೊತ್ತಕ್ಕೂ ಶುಲ್ಕವಿಲ್ಲದೆ, ತಮ್ಮ ಊರಿನಲ್ಲಿದ್ದುಕೊಂಡೇ ಪರಿಹಾರ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ಈ ವಿಷಯಗಳನ್ನು ಕೆಳಗೆ ವಿವರಿಸಲಾಗಿದೆ.

2. ವಂಚಕ ವಿನ್ಯಾಸಗಳು ಎಂದರೇನು?

ಗ್ರಾಹಕರು ತಾವು ಬಯಸದ ಆಯ್ಕೆಯನ್ನು ಮಾಡುವಂತೆ ದಾರಿ ತಪ್ಪಿಸುವ ಉದ್ದೇಶದಿಂದ ಆ್ಯಪ್ ಅಥವಾ ವೆಬ್‌ಸೈಟ್‌ನ ಪರದೆಯನ್ನು ರೂಪಿಸುವುದಕ್ಕೆ "ಡಾರ್ಕ್ ಪ್ಯಾಟರ್ನ್" ಎಂದು ಹೆಸರು. ಕೇಂದ್ರ ಗ್ರಾಹಕರ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳಲ್ಲಿ ಇಂತಹ 13 ವಿಧಾನಗಳನ್ನು ಪಟ್ಟಿ ಮಾಡಿ ನಿಷೇಧಿಸಲಾಗಿದೆ. ಭಾರತದಲ್ಲಿ ಕ್ರಮಬದ್ಧವಾಗಿ ಸರಕು ಅಥವಾ ಸೇವೆ ಒದಗಿಸುವ ಎಲ್ಲ ಆನ್‌ಲೈನ್ ವೇದಿಕೆಗಳಿಗೂ, ಜಾಹೀರಾತುದಾರರಿಗೂ, ಮಾರಾಟಗಾರರಿಗೂ ಈ ಮಾರ್ಗಸೂಚಿಗಳು ಅನ್ವಯಿಸುತ್ತವೆ. 2025ರ ಜೂನ್ ತಿಂಗಳಲ್ಲಿ, ಎಲ್ಲ ಇ-ವಾಣಿಜ್ಯ ಸಂಸ್ಥೆಗಳು ಮೂರು ತಿಂಗಳೊಳಗೆ ತಮ್ಮ ವೇದಿಕೆಗಳನ್ನು ತಾವೇ ಪರಿಶೀಲಿಸಿಕೊಂಡು ಇಂತಹ ವಿನ್ಯಾಸಗಳನ್ನು ತೆಗೆದುಹಾಕಬೇಕೆಂದು ಪ್ರಾಧಿಕಾರವು ಸೂಚಿಸಿತು.

ಕಡಿಮೆ ಬೆಲೆಯ ಆ್ಯಪ್‌ಗಳಲ್ಲಿ ಗ್ರಾಹಕರು ವಿಶೇಷವಾಗಿ ಗಮನಿಸಬೇಕಾದ ವಿಧಾನಗಳು ಈ ಕೆಳಕಂಡಂತಿವೆ.

(ಅ) ಸುಳ್ಳು ತುರ್ತು: "ಇನ್ನು ಕೇವಲ 2 ಉಳಿದಿವೆ", "ಈ ಬೆಲೆ ಇನ್ನು 9 ನಿಮಿಷ ಮಾತ್ರ" ಎಂಬ ಸೂಚನೆಗಳೊಂದಿಗೆ ಗಡಿಯಾರವು ಇಳಿಯುತ್ತಾ ಹೋಗುತ್ತದೆ. ದಾಸ್ತಾನು ಅಥವಾ ಅವಧಿ ನಿಜವಾಗಿಯೂ ಸೀಮಿತವಾಗಿಲ್ಲದಿದ್ದಲ್ಲಿ ಇದು ನಿಷೇಧಿತ ವಿಧಾನವಾಗುತ್ತದೆ. ಆ್ಯಪನ್ನು ಮುಚ್ಚಿ ಮರುದಿನ ತೆರೆದಾಗ ಅದೇ ಗಡಿಯಾರ ಪುನಃ ಮೊದಲಿನಿಂದ ಆರಂಭವಾದರೆ ಆ ತುರ್ತು ಸುಳ್ಳೆಂದು ತಿಳಿಯಬಹುದು.

(ಆ) ಕಾರ್ಟ್‌ಗೆ ಗುಟ್ಟಾಗಿ ಸೇರಿಸುವುದು: ಗ್ರಾಹಕರು ಆಯ್ಕೆ ಮಾಡದ ವಿಮೆ, ದೇಣಿಗೆ, ಸದಸ್ಯತ್ವ ಅಥವಾ ಮತ್ತೊಂದು ವಸ್ತು ಪಾವತಿಯ ಹಂತದಲ್ಲಿ ಬಿಲ್ಲಿಗೆ ಸೇರಿರುತ್ತದೆ.

(ಇ) ಹಂತಹಂತವಾಗಿ ಬೆಲೆ ಏರಿಸುವುದು: ಮೊದಲ ಪುಟದಲ್ಲಿ ಒಂದು ಬೆಲೆ ತೋರಿಸಿ, ವಿಳಾಸ ತುಂಬಿ ಪಾವತಿಗೆ ಬಂದ ನಂತರ ಒಂದೊಂದೇ ಶುಲ್ಕವನ್ನು ಪ್ರಕಟಿಸಲಾಗುತ್ತದೆ. ಅಷ್ಟು ಹೊತ್ತು ವ್ಯಯಿಸಿದ ಗ್ರಾಹಕರು ಹಿಂದೆ ಸರಿಯುವುದಿಲ್ಲವೆಂಬ ಲೆಕ್ಕಾಚಾರ ಇದರ ಹಿಂದೆ ಇರುತ್ತದೆ.

(ಈ) ಆಮಿಷ ತೋರಿಸಿ ಬದಲಿಸುವುದು: ಜಾಹೀರಾತಿನಲ್ಲಿ ತೋರಿಸಿದ ಅಗ್ಗದ ವಸ್ತು ಒತ್ತಿದ ಕೂಡಲೇ "ಮುಗಿದಿದೆ" ಎಂದು ಕಂಡುಬಂದು, ಹೆಚ್ಚಿನ ಬೆಲೆಯ ಬೇರೊಂದು ವಸ್ತು ಎದುರಾಗುತ್ತದೆ.

(ಉ) ನಾಚಿಕೆಪಡಿಸಿ ಒಪ್ಪಿಸುವುದು: ಕೊಡುಗೆಯನ್ನು ನಿರಾಕರಿಸುವ ಗುಂಡಿಯ ಮೇಲೆ "ಬೇಡ" ಎಂದಷ್ಟೇ ಇರದೆ, "ನನಗೆ ಹಣ ಉಳಿಸುವುದು ಬೇಡ" ಎಂಬಂತಹ ವಾಕ್ಯ ಇರುತ್ತದೆ.

(ಊ) ಬಲವಂತದ ಕ್ರಿಯೆ: ಮೂಲ ಉದ್ದೇಶಕ್ಕೆ ಸಂಬಂಧವಿಲ್ಲದ ಮಾಹಿತಿ ನೀಡಿದರೆ, ಬೇರೆ ಆ್ಯಪ್ ಹಾಕಿಕೊಂಡರೆ ಅಥವಾ ಪರಿಚಿತರ ವಿವರ ಹಂಚಿಕೊಂಡರೆ ಮಾತ್ರ ಖರೀದಿ ಮುಂದುವರಿಯುತ್ತದೆ.

(ಋ) ಪದೇ ಪದೇ ಪೀಡಿಸುವುದು: ಒಮ್ಮೆ ಬೇಡವೆಂದರೂ ಅದೇ ಕೋರಿಕೆ, ಅದೇ ಸೂಚನೆ ದಿನವಿಡೀ ಮರಳಿ ಬರುತ್ತದೆ.

ಇವು ಭಾರತಕ್ಕೆ ಮಾತ್ರ ಸೀಮಿತವಾದ ಸಮಸ್ಯೆಗಳಲ್ಲ. ಟೆಮು ಎಂಬ ಅಗ್ಗದ ಬೆಲೆಯ ಆ್ಯಪ್‌ನಲ್ಲಿ ಸುಳ್ಳು ರಿಯಾಯಿತಿ, ಒತ್ತಡದ ಮಾರಾಟ ಹಾಗೂ ಮಳಿಗೆಯನ್ನು ಪ್ರವೇಶಿಸಲು "ಅದೃಷ್ಟ ಚಕ್ರ" ತಿರುಗಿಸುವಂತೆ ಒತ್ತಾಯಿಸುವುದು ಮೊದಲಾದ ಅಂಶಗಳ ಬಗ್ಗೆ 2024ರ ನವೆಂಬರ್‌ನಲ್ಲಿ ಐರೋಪ್ಯ ಆಯೋಗ ಮತ್ತು ಅಲ್ಲಿನ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಗಳು ಆಕ್ಷೇಪ ಎತ್ತಿದವು. ಬಹುಮಾನಕ್ಕೆ ಅಂಟಿಕೊಂಡಿರುವ ಷರತ್ತುಗಳನ್ನು ಮರೆಮಾಡಲಾಗುತ್ತದೆ ಎಂಬುದು ಚಕ್ರದ ಕುರಿತಾದ ಮುಖ್ಯ ಆಕ್ಷೇಪವಾಗಿತ್ತು.

3. ರಿಯಾಯಿತಿಯ ಲೆಕ್ಕವನ್ನು ಪರಿಶೀಲಿಸುವ ಬಗೆ

ಗೀಟು ಎಳೆದ ಹಳೆಯ ಬೆಲೆ ಮತ್ತು ಅದರ ಪಕ್ಕದಲ್ಲಿ ಹೊಸ ಬೆಲೆಯನ್ನು ತೋರಿಸುವುದು ಈ ಆ್ಯಪ್‌ಗಳ ಸಾಮಾನ್ಯ ಕ್ರಮವಾಗಿದೆ. ಹಳೆಯ ಬೆಲೆಗೆ ಆ ವಸ್ತು ಎಂದಾದರೂ ಮಾರಾಟವಾಗಿತ್ತೇ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಶೀನ್ ಎಂಬ ಉಡುಪು ಮಾರಾಟ ಸಂಸ್ಥೆಗೆ ದಾರಿತಪ್ಪಿಸುವ ರಿಯಾಯಿತಿಗಳ ಕಾರಣದಿಂದ ಫ್ರಾನ್ಸ್ ದೇಶದಲ್ಲಿ 2025ರ ಜುಲೈನಲ್ಲಿ 4 ಕೋಟಿ ಯೂರೋ ದಂಡ ವಿಧಿಸಲಾಯಿತು. ಅಲ್ಲಿನ ಅಧಿಕಾರಿಗಳು ಪರಿಶೀಲಿಸಿದ ರಿಯಾಯಿತಿ ಪ್ರಕಟಣೆಗಳಲ್ಲಿ ಶೇ. 57ರಷ್ಟರಲ್ಲಿ ಯಾವುದೇ ಬೆಲೆ ಇಳಿಕೆ ಇರಲಿಲ್ಲ. ಶೇ. 19ರಷ್ಟರಲ್ಲಿ ಪ್ರಕಟಿಸಿದ್ದಕ್ಕಿಂತ ಕಡಿಮೆ ಇಳಿಕೆ ಇತ್ತು. ಶೇ. 11ರಷ್ಟರಲ್ಲಿ ಬೆಲೆಯು ಏರಿಕೆಯೇ ಆಗಿತ್ತು.

ಈ ಕೆಳಗಿನದು ಕೇವಲ ತಿಳಿವಳಿಕೆಗಾಗಿ ನೀಡಿರುವ ಕಾಲ್ಪನಿಕ ಉದಾಹರಣೆಯಾಗಿದೆ. ಒಂದು ಕುರ್ತಾದ ಹಳೆಯ ಬೆಲೆ ರೂ. 999 ಎಂದೂ, "ಶೇ. 80 ರಿಯಾಯಿತಿ" ಕಳೆದು ರೂ. 199 ಎಂದೂ ತೋರಿಸಲಾಗಿದೆ ಎಂದು ಭಾವಿಸಬಹುದು.

- ವಸ್ತುವಿನ ಬೆಲೆ: ರೂ. 199
- ಡೆಲಿವರಿ ಶುಲ್ಕ: ರೂ. 49
- ಪ್ಲಾಟ್‌ಫಾರ್ಮ್ ಶುಲ್ಕ: ರೂ. 10
- ಮನೆ ಬಾಗಿಲಲ್ಲಿ ನಗದು ಪಾವತಿಯ ಶುಲ್ಕ: ರೂ. 25
- ಮೊದಲೇ ಗುರುತು ಹಾಕಿದ "ಸುರಕ್ಷತಾ ಯೋಜನೆ": ರೂ. 19
- ಒಟ್ಟು: ರೂ. 302

ಇಲ್ಲಿ ಗ್ರಾಹಕರು ಪರದೆಯಲ್ಲಿ ಕಂಡ ಬೆಲೆಗಿಂತ ರೂ. 103 ಹೆಚ್ಚು ತೆತ್ತಿರುತ್ತಾರೆ. ಅಂದರೆ ಸುಮಾರು ಶೇ. 52ರಷ್ಟು ಅಧಿಕ. ಅದೇ ಬಗೆಯ ಕುರ್ತಾ ಊರಿನ ಅಂಗಡಿಯಲ್ಲಿ ರೂ. 280ಕ್ಕೆ ದೊರೆಯುವುದಾದರೆ, ಶೇ. 80 ರಿಯಾಯಿತಿಯ ಖರೀದಿಯು ವಾಸ್ತವದಲ್ಲಿ ರೂ. 22 ದುಬಾರಿಯಾಗುತ್ತದೆ. ಬಟ್ಟೆಯನ್ನು ಮುಟ್ಟಿ ನೋಡುವ ಮತ್ತು ಅಳತೆ ಸರಿಯಾಗದಿದ್ದರೆ ಕೂಡಲೇ ಬದಲಾಯಿಸಿಕೊಳ್ಳುವ ಅನುಕೂಲವೂ ಇರುವುದಿಲ್ಲ. ಆದುದರಿಂದ ಗೀಟು ಎಳೆದ ಬೆಲೆಯೊಂದಿಗೆ ಹೋಲಿಸದೆ, ಕೊನೆಯ ಒಟ್ಟು ಮೊತ್ತವನ್ನು ಬೇರೆ ಕಡೆಯ ಬೆಲೆಯೊಂದಿಗೆ ಹೋಲಿಸುವುದು ಸರಿಯಾದ ಕ್ರಮ. ಪೊಟ್ಟಣದಲ್ಲಿ ಬಂದ ವಸ್ತುವಿನ ಮೇಲೆ ಮುದ್ರಿತವಾಗಿರುವ ಗರಿಷ್ಠ ಮಾರಾಟ ಬೆಲೆಯನ್ನೂ ಆ್ಯಪ್ ತೋರಿಸಿದ ಹಳೆಯ ಬೆಲೆಯನ್ನೂ ತಾಳೆ ನೋಡತಕ್ಕದ್ದು.

4. ವೈಯಕ್ತಿಕ ಮಾಹಿತಿ: ಕಾಣದ ಬೆಲೆ

ವಸ್ತುವನ್ನು ಮನೆಗೆ ತಲುಪಿಸಲು ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಮತ್ತು ಪಾವತಿಯ ವಿವರ ಸಾಕು. ಆದರೆ ಕೆಲವು ಆ್ಯಪ್‌ಗಳು ದೂರವಾಣಿಯಲ್ಲಿರುವ ಸಂಪರ್ಕ ಪಟ್ಟಿ, ಎಸ್.ಎಂ.ಎಸ್.ಗಳು, ಛಾಯಾಚಿತ್ರಗಳು, ಧ್ವನಿಗ್ರಾಹಕ ಮತ್ತು ನಿರಂತರ ಸ್ಥಳ ಮಾಹಿತಿಗೂ ಅನುಮತಿ ಕೇಳುತ್ತವೆ. ಗ್ರಾಹಕರು ಯಾವ ವಸ್ತುವನ್ನು ಎಷ್ಟು ಹೊತ್ತು ನೋಡಿದರು, ಯಾವ ಸಮಯದಲ್ಲಿ ಕೊಳ್ಳುತ್ತಾರೆ ಎಂಬ ವಿವರಗಳೂ ದಾಖಲಾಗುತ್ತವೆ. ಇವುಗಳ ಆಧಾರದ ಮೇಲೆ ಮುಂದಿನ ಆಮಿಷವನ್ನು ರೂಪಿಸಲಾಗುತ್ತದೆ. ಹೀಗೆ ಮಾಹಿತಿ ಸಂಗ್ರಹವೂ ಆತುರದ ಮಾರಾಟವೂ ಒಂದಕ್ಕೊಂದು ಪೂರಕವಾಗಿವೆ.

"ಐದು ಸ್ನೇಹಿತರನ್ನು ಸೇರಿಸಿ, ಬಹುಮಾನ ಪಡೆಯಿರಿ" ಎಂಬ ಯೋಜನೆಗಳಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. ಸಂಪರ್ಕ ಪಟ್ಟಿಗೆ ಅನುಮತಿ ನೀಡಿದಾಗ, ಆ ಆ್ಯಪನ್ನು ಎಂದೂ ಬಳಸದ ಬಂಧುಗಳು, ನೆರೆಹೊರೆಯವರು ಮತ್ತು ಸಹೋದ್ಯೋಗಿಗಳ ಹೆಸರು ಹಾಗೂ ದೂರವಾಣಿ ಸಂಖ್ಯೆಗಳೂ ಅವರ ಒಪ್ಪಿಗೆಯಿಲ್ಲದೆ ಹೊರಹೋಗುತ್ತವೆ.

ಮಾಹಿತಿ ಸೋರಿಕೆಯ ಪರಿಣಾಮವು ಜಾಹೀರಾತುಗಳ ಕಿರಿಕಿರಿಗಷ್ಟೇ ಸೀಮಿತವಲ್ಲ. ಆನ್‌ಲೈನ್ ಖರೀದಿ ಮಾಡಿದವರ ಮನೆಗೆ ಪ್ರಸಿದ್ಧ ಶಾಪಿಂಗ್ ಸಂಸ್ಥೆಯ ಹೆಸರಿನಲ್ಲಿ ಅಂಚೆಯ ಮೂಲಕ ಸ್ಕ್ರ್ಯಾಚ್ ಕಾರ್ಡ್ ಬರುವ ವಂಚನೆಯು ದೇಶದ ಹಲವೆಡೆ ವರದಿಯಾಗಿದೆ. ಕಾರ್ಡನ್ನು ಉಜ್ಜಿದಾಗ ಕಾರು ಅಥವಾ ಲಕ್ಷಾಂತರ ರೂಪಾಯಿ ಬಹುಮಾನ ಬಂದಿರುವುದಾಗಿ ಕಾಣುತ್ತದೆ. ನಂತರ ತೆರಿಗೆ, ನೋಂದಣಿ ಶುಲ್ಕ ಎಂದು ಕಂತುಕಂತಾಗಿ ಹಣ ಕೇಳಲಾಗುತ್ತದೆ. ಪತ್ರದಲ್ಲಿ ತಮ್ಮ ಹೆಸರು, ವಿಳಾಸ ಸರಿಯಾಗಿರುವುದರಿಂದಲೇ ಜನರು ಇದನ್ನು ನಂಬುತ್ತಾರೆ. ಬಹುಮಾನ ನೀಡಲು ಮುಂಗಡ ಹಣ ಕೇಳುವ ಯಾವುದೇ ಪತ್ರ ಅಥವಾ ಕರೆಯನ್ನು ವಂಚನೆಯೆಂದೇ ಪರಿಗಣಿಸತಕ್ಕದ್ದು.

ವೈಯಕ್ತಿಕ ಮಾಹಿತಿಯ ವಿಷಯದಲ್ಲಿ ಸರ್ಕಾರಗಳು ಕ್ರಮ ಕೈಗೊಂಡ ನಿದರ್ಶನಗಳಿವೆ. ಬಳಕೆದಾರರ ಮಾಹಿತಿಯನ್ನು ಅನಧಿಕೃತವಾಗಿ ದೇಶದ ಹೊರಗಿನ ಸರ್ವರ್‌ಗಳಿಗೆ ರವಾನಿಸುವ ಬಗ್ಗೆ ಬಂದ ದೂರುಗಳನ್ನು ಉಲ್ಲೇಖಿಸಿ, ಭಾರತ ಸರ್ಕಾರವು 2020ರ ಜೂನ್ 29ರಂದು 59 ಆ್ಯಪ್‌ಗಳನ್ನು ನಿರ್ಬಂಧಿಸಿತು. ಅವುಗಳಲ್ಲಿ ಶೀನ್ ಮತ್ತು ಕ್ಲಬ್ ಫ್ಯಾಕ್ಟರಿ ಎಂಬ ಶಾಪಿಂಗ್ ಆ್ಯಪ್‌ಗಳೂ ಇದ್ದವು. ಶೀನ್ ಹೆಸರಿನ ಉಡುಪುಗಳ ಮಾರಾಟವು 2025ರ ಫೆಬ್ರವರಿಯಲ್ಲಿ ಭಾರತೀಯ ಸಂಸ್ಥೆಯೊಂದರ ಆ್ಯಪ್ ಮೂಲಕ ಪುನಃ ಆರಂಭವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರವು, ಬಳಕೆದಾರರ ಒಪ್ಪಿಗೆಗೆ ಮೊದಲೇ ಅವರ ಸಾಧನಗಳಲ್ಲಿ ಕುಕೀಗಳನ್ನು ಇರಿಸಿದ ಕಾರಣಕ್ಕಾಗಿ ಶೀನ್‌ಗೆ 15 ಕೋಟಿ ಯೂರೋ ದಂಡ ವಿಧಿಸಿತು.

5. ದತ್ತಾಂಶ ಸಂರಕ್ಷಣಾ ಕಾನೂನು

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ಕ್ಕೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅಧಿನಿಯಮವನ್ನು ಹಂತಹಂತವಾಗಿ ಜಾರಿಗೆ ತರಲಾಗುತ್ತಿದ್ದು, ಸಮ್ಮತಿಗೆ ಸಂಬಂಧಿಸಿದ ಮುಖ್ಯ ಉಪಬಂಧಗಳು ನಿಯಮಗಳು ಪ್ರಕಟವಾದ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿನಲ್ಲಿ, ಜಾರಿಗೆ ಬರುವಂತೆ ನಿಗದಿಪಡಿಸಲಾಗಿದೆ. ಅವುಗಳ ಮುಖ್ಯಾಂಶಗಳು ಹೀಗಿವೆ.

- ಸಮ್ಮತಿಯು ಸ್ವತಂತ್ರ, ನಿರ್ದಿಷ್ಟ ಮತ್ತು ಷರತ್ತುರಹಿತವಾಗಿರಬೇಕು. ಅಗತ್ಯವಾದ ಮಾಹಿತಿಗೆ ಮಾತ್ರ ಅದು ಸೀಮಿತವಾಗುತ್ತದೆ. ದೂರವೈದ್ಯಕೀಯ ಸೇವೆಯ ಆ್ಯಪೊಂದು ಸಂಪರ್ಕ ಪಟ್ಟಿಗೆ ಅನುಮತಿ ಪಡೆದರೂ, ಸೇವೆಗೆ ಅದು ಅಗತ್ಯವಲ್ಲದ ಕಾರಣ ಆ ಭಾಗದ ಸಮ್ಮತಿ ಅನ್ವಯಿಸದು ಎಂಬ ದೃಷ್ಟಾಂತವನ್ನು ಅಧಿನಿಯಮದಲ್ಲಿಯೇ ನೀಡಲಾಗಿದೆ.
- ಸಮ್ಮತಿ ನೀಡುವುದು ಎಷ್ಟು ಸುಲಭವೋ, ಅದನ್ನು ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು.
- ಸಮ್ಮತಿ ಕೋರಿಕೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಕನ್ನಡವೂ ಇದರಲ್ಲಿ ಸೇರಿದೆ.
- 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಸಮ್ಮತಿ ಬೇಕು.

6. ಇ-ವಾಣಿಜ್ಯ ಸಂಸ್ಥೆಗಳ ಕರ್ತವ್ಯಗಳು

ಗ್ರಾಹಕರ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ:

(1) ಸಂಸ್ಥೆಯ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ ಮತ್ತು ಕುಂದುಕೊರತೆ ಅಧಿಕಾರಿಯ ವಿವರಗಳನ್ನು ಸ್ಪಷ್ಟವಾಗಿ ಪ್ರಕಟಿಸಬೇಕು.
(2) ಕುಂದುಕೊರತೆ ಅಧಿಕಾರಿಯು 48 ಗಂಟೆಗಳೊಳಗೆ ದೂರಿಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು.
(3) ಖರೀದಿಗೆ ಗ್ರಾಹಕರ ಸ್ಪಷ್ಟ ಒಪ್ಪಿಗೆ ಪಡೆಯಬೇಕು. ಮೊದಲೇ ಗುರುತು ಹಾಕಿದ ಚೌಕಗಳನ್ನು ಒಪ್ಪಿಗೆಯೆಂದು ಪರಿಗಣಿಸುವಂತಿಲ್ಲ.
(4) ಮಾರಾಟಗಾರರು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ, ಎಲ್ಲ ಶುಲ್ಕಗಳ ವಿಂಗಡಣೆಯೊಂದಿಗೆ ತೋರಿಸಬೇಕು.
(5) ವಸ್ತು ದೋಷಪೂರಿತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ತಿಳಿಸಿದ ಲಕ್ಷಣಗಳನ್ನು ಹೊಂದಿಲ್ಲದಿದ್ದರೆ ಅದನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ.
(6) ಮಾರಾಟಗಾರರು ಗ್ರಾಹಕರ ಸೋಗಿನಲ್ಲಿ ತಾವೇ ವಿಮರ್ಶೆಗಳನ್ನು ಬರೆಯುವಂತಿಲ್ಲ.

7. ಗ್ರಾಹಕರು ವಹಿಸಬೇಕಾದ ಎಚ್ಚರಿಕೆಗಳು

ಆ್ಯಪ್ ಹಾಕಿಕೊಳ್ಳುವ ಮೊದಲು: ಅಧಿಕೃತ ಆ್ಯಪ್ ಸ್ಟೋರ್ ಹೊರತುಪಡಿಸಿ, ಸಂದೇಶಗಳಲ್ಲಿ ಬರುವ ಲಿಂಕ್‌ಗಳಿಂದ ಆ್ಯಪ್ ಹಾಕಿಕೊಳ್ಳಬಾರದು. ಚೀನಾದ ಪಿಂಡುವೊಡುವೊ ಶಾಪಿಂಗ್ ಆ್ಯಪ್‌ನ, ತನ್ನ ಸ್ಟೋರ್‌ನ ಹೊರಗೆ ದೊರೆಯುತ್ತಿದ್ದ ಆವೃತ್ತಿಗಳಲ್ಲಿ ದುರುದ್ದೇಶದ ತಂತ್ರಾಂಶ ಕಂಡುಬಂದಿದೆಯೆಂದು ಗೂಗಲ್ ಸಂಸ್ಥೆಯು 2023ರ ಮಾರ್ಚ್‌ನಲ್ಲಿ ಅದನ್ನು ಅಮಾನತುಗೊಳಿಸಿತ್ತು.

ಅನುಮತಿ ನೀಡುವಾಗ: ಸಂಪರ್ಕ ಪಟ್ಟಿ, ಎಸ್.ಎಂ.ಎಸ್. ಮತ್ತು ಧ್ವನಿಗ್ರಾಹಕದ ಅನುಮತಿಯನ್ನು ನಿರಾಕರಿಸುವುದು ಕ್ಷೇಮ. ಸ್ಥಳ ಮಾಹಿತಿಯನ್ನು "ಬಳಸುವಾಗ ಮಾತ್ರ" ಎಂದು ನೀಡಬಹುದು ಅಥವಾ ವಿಳಾಸವನ್ನು ಕೈಯಾರೆ ತುಂಬಬಹುದು. ಈಗಾಗಲೇ ನೀಡಿರುವ ಅನುಮತಿಗಳನ್ನು ದೂರವಾಣಿಯ ಸೆಟ್ಟಿಂಗ್ಸ್‌ನಲ್ಲಿ ಯಾವಾಗ ಬೇಕಾದರೂ ಹಿಂಪಡೆಯಬಹುದು.

ಪಾವತಿಯ ಮೊದಲು: ಬಿಲ್ಲಿನ ಪ್ರತಿಯೊಂದು ಸಾಲನ್ನು ಓದಿ, ಕೇಳದ ಸೇವೆಯ ಗುರುತನ್ನು ತೆಗೆಯಬೇಕು. ವಾಪಸಾತಿಯ ಷರತ್ತುಗಳನ್ನೂ ಮಾರಾಟಗಾರರ ಹೆಸರನ್ನೂ ನೋಡಬೇಕು. ಬಹಳ ಅಗತ್ಯವಲ್ಲದ ವಸ್ತುವನ್ನು ಒಂದು ದಿನ ಕಾರ್ಟ್‌ನಲ್ಲಿಯೇ ಬಿಟ್ಟು ಮರುದಿನ ನಿರ್ಧರಿಸುವುದು ಆತುರದ ಮಾರಾಟಕ್ಕೆ ಸರಳವಾದ ಪರಿಹಾರ. ದಸರಾ, ದೀಪಾವಳಿಯ ಮಾರಾಟಗಳಲ್ಲಿ ಇದು ಇನ್ನಷ್ಟು ಉಪಯುಕ್ತ.

ವಸ್ತು ಬಂದಾಗ: ತಾವು ತರಿಸದ ಪಾರ್ಸೆಲ್‌ಗೆ ನಗದು ನೀಡಬಾರದು. ಮನೆಯ ಹಿರಿಯರಿಗೂ ಮಕ್ಕಳಿಗೂ ಇದನ್ನು ತಿಳಿಸಿರಬೇಕು. ಪಾರ್ಸೆಲ್ ತೆರೆಯುವಾಗ ವಿಡಿಯೊ ಚಿತ್ರೀಕರಿಸಿಕೊಂಡರೆ ಮುಂದೆ ಸಾಕ್ಷ್ಯವಾಗುತ್ತದೆ. ಹೆಸರು, ವಿಳಾಸ ಇರುವ ಚೀಟಿಯನ್ನು ಹರಿದು ಎಸೆಯಬೇಕು.

ಆ್ಯಪ್ ಬಿಡುವಾಗ: ದೂರವಾಣಿಯಿಂದ ಆ್ಯಪ್ ತೆಗೆದಮಾತ್ರಕ್ಕೆ ಖಾತೆ ಅಳಿಯುವುದಿಲ್ಲ. ಮೊದಲು ಆ್ಯಪ್‌ನಲ್ಲಿಯೇ ಖಾತೆಯನ್ನು ಅಳಿಸಿ, ಯು.ಪಿ.ಐ.ನಲ್ಲಿ ಸ್ವಯಂಚಾಲಿತ ಪಾವತಿಯ ಒಪ್ಪಿಗೆ ಉಳಿದಿದ್ದರೆ ರದ್ದುಪಡಿಸಿ, ನಂತರ ಆ್ಯಪ್ ತೆಗೆಯಬೇಕು.

8. ದೂರು ಸಲ್ಲಿಸುವ ವಿಧಾನ

ಮೊದಲನೆಯ ಹಂತ: ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ದೂರು ನೀಡಿ, ದೂರಿನ ಸಂಖ್ಯೆಯನ್ನು ಇಟ್ಟುಕೊಳ್ಳಬೇಕು. ಆರ್ಡರ್ ಸಂಖ್ಯೆ, ಬಿಲ್ಲು, ಪಾವತಿಯ ವಿವರ, ಮೊದಲ ಪುಟದ ಹಾಗೂ ಪಾವತಿ ಪುಟದ ಸ್ಕ್ರೀನ್‌ಶಾಟ್‌ಗಳನ್ನು ಕಾಯ್ದಿರಿಸಬೇಕು. ಆ್ಯಪ್‌ನ ಪುಟಗಳು ಬದಲಾಗುತ್ತಿರುವುದರಿಂದ ಸ್ಕ್ರೀನ್‌ಶಾಟನ್ನು ಖರೀದಿಯ ಸಮಯದಲ್ಲಿಯೇ ತೆಗೆಯುವುದು ಮುಖ್ಯ.

ಎರಡನೆಯ ಹಂತ: ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೂ ಸೇವೆ ಲಭ್ಯವಿದೆ. 8800001915 ಸಂಖ್ಯೆಗೆ ವಾಟ್ಸ್‌ಆ್ಯಪ್ ಮೂಲಕವೂ ದೂರು ದಾಖಲಿಸಬಹುದು. ಇದು ಆಯೋಗಕ್ಕೆ ಹೋಗುವ ಮೊದಲು ಸಂಸ್ಥೆಯೊಂದಿಗೆ ವಿವಾದವನ್ನು ಬಗೆಹರಿಸುವ ವ್ಯವಸ್ಥೆಯಾಗಿದೆ.

ಮೂರನೆಯ ಹಂತ: ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. 2025ರ ಜನವರಿ 1ರಿಂದ ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಆನ್‌ಲೈನ್‌ನಲ್ಲಿಯೂ ಇದು ಸಾಧ್ಯ.

ಒಂದೇ ವಂಚಕ ವಿನ್ಯಾಸದಿಂದ ಹಲವು ಗ್ರಾಹಕರು ಬಾಧಿತರಾಗುತ್ತಿದ್ದರೆ, ಆ ಬಗ್ಗೆ ಜಿಲ್ಲಾಧಿಕಾರಿಗಳಿಗೆ ಅಥವಾ ಕೇಂದ್ರ ಗ್ರಾಹಕರ ಸಂರಕ್ಷಣಾ ಪ್ರಾಧಿಕಾರಕ್ಕೆ ಲಿಖಿತವಾಗಿ ಅಥವಾ ವಿದ್ಯುನ್ಮಾನ ರೂಪದಲ್ಲಿ ದೂರು ನೀಡಲು ಅಧಿನಿಯಮದ 17ನೇ ಪ್ರಕರಣದಲ್ಲಿ ಅವಕಾಶವಿದೆ. ದಾರಿತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರವು ರೂ. 10 ಲಕ್ಷದವರೆಗೆ, ಪುನರಾವರ್ತಿಸಿದರೆ ರೂ. 50 ಲಕ್ಷದವರೆಗೆ ದಂಡ ವಿಧಿಸಬಹುದು.

ನಕಲಿ ಆ್ಯಪ್, ಸ್ಕ್ರ್ಯಾಚ್ ಕಾರ್ಡ್ ಅಥವಾ ಒ.ಟಿ.ಪಿ. ವಂಚನೆಯಿಂದ ಬ್ಯಾಂಕ್ ಖಾತೆಯ ಹಣ ಹೋಗಿದ್ದಲ್ಲಿ ಮೇಲ್ಕಂಡ ಹಂತಗಳಿಗೆ ಕಾಯದೆ, ತಕ್ಷಣವೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಮತ್ತು ತಮ್ಮ ಬ್ಯಾಂಕಿಗೆ ತಿಳಿಸತಕ್ಕದ್ದು. ತಡವಾದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಕಡಿಮೆಯಾಗುತ್ತದೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂಸ್ಥೆಯ ಕಚೇರಿ ಬೇರೆ ರಾಜ್ಯದಲ್ಲಿದ್ದರೆ ಅಲ್ಲಿಗೆ ಹೋಗಬೇಕೆ?
ಉತ್ತರ: ಅಗತ್ಯವಿಲ್ಲ. ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಕೋರುವುದಕ್ಕೂ ಅವಕಾಶವಿದೆ.

ಪ್ರಶ್ನೆ: ಶುಲ್ಕ ಎಷ್ಟು? ವಕೀಲರು ಕಡ್ಡಾಯವೇ?
ಉತ್ತರ: ವಸ್ತು ಅಥವಾ ಸೇವೆಗೆ ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ; ದೂರುದಾರರು ತಾವೇ ವಾದ ಮಂಡಿಸಬಹುದು.

ಪ್ರಶ್ನೆ: ದೂರು ಸಲ್ಲಿಸಲು ಕಾಲಮಿತಿ ಇದೆಯೇ?
ಉತ್ತರ: ದೂರಿನ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು.

ಪ್ರಶ್ನೆ: ಕೇವಲ ರೂ. 19ರ ಅನಗತ್ಯ ಶುಲ್ಕಕ್ಕೂ ದೂರು ನೀಡಬಹುದೇ?
ಉತ್ತರ: ನೀಡಬಹುದು. ಕನಿಷ್ಠ ಮೊತ್ತವನ್ನು ಕಾನೂನು ನಿಗದಿಪಡಿಸಿಲ್ಲ. ಇಂತಹ ಸಣ್ಣ ದೂರುಗಳು ದಾಖಲಾದಾಗಲೇ ಒಂದೇ ಬಗೆಯ ತಪ್ಪು ಎಷ್ಟು ಜನರಿಗೆ ಆಗುತ್ತಿದೆ ಎಂಬುದು ಪ್ರಾಧಿಕಾರಗಳ ಗಮನಕ್ಕೆ ಬರುತ್ತದೆ. ಮೊದಲು 1915ರಲ್ಲಿ ದಾಖಲಿಸುವುದು ಸೂಕ್ತ.

10. ಸೂಚನೆ

ಈ ಪುಟದ ವಿವರಣೆಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ನಿಖರವಾದ ಉಪಬಂಧಗಳಿಗಾಗಿ ಸಂಬಂಧಪಟ್ಟ ಅಧಿನಿಯಮ ಮತ್ತು ನಿಯಮಗಳನ್ನು ಅವಲೋಕಿಸತಕ್ಕದ್ದು. ಅಗ್ಗವಾಗಿ ಕೊಳ್ಳುವುದು ಗ್ರಾಹಕರ ಹಕ್ಕು. ಬೆಲೆ ಎಷ್ಟು, ಏನೇನು ಮಾಹಿತಿ ಕೊಡುತ್ತಿದ್ದೇವೆ ಎಂಬುದನ್ನು ಪಾವತಿಗೆ ಮೊದಲೇ ತಿಳಿಯುವುದೂ ಅವರ ಹಕ್ಕೇ ಆಗಿದೆ. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.